ಬಾಗಿಲು ಬಡಿದವರು

ಇಟಲಿಯ ಆ ಎರಡು ಬಾಗಿಲಿನ ಹಳೇ ಕಾರನ್ನು ಕೊಂಡ ದಿನದಿಂದ ಮೆಕ್ಯಾನಿಕ್ ಅದರ ಸತ್ತುಹೋದ ಮಾಲೀಕನನ್ನು ಬೈಯುತ್ತಲೇ ಇದ್ದ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಮಹಾನುಭಾವ ಓಡಿಸಿದ್ದು ನಾಲ್ಕೇ ಸಾವಿರ ಕಿಲೋಮೀಟರು! ಮೈಮೇಲೆ ಒಂದು ಗೀರಿಲ್ಲ, ಒಳಗೆ ಒಂದೂ ನೆಟ್ಟಗಿಲ್ಲ. ಟ್ಯಾಂಕಿನ ಪೆಟ್ರೋಲು ಅಂಟಾಗಿತ್ತು, ಬ್ರೇಕುಗಳು ಕಚ್ಚಿಕೊಂಡಿದ್ದವು, ರಬ್ಬರ್ ಪೈಪುಗಳು ಮುಟ್ಟಿದರೆ ಒಣಕಡ್ಡಿಯಂತೆ ಮುರಿಯುತ್ತಿದ್ದವು.

"ಓಡ್ಸೋ ಯೋಗ್ಯತೆ ಇಲ್ದೋನು ಯಾಕಯ್ಯಾ ತಗೊಂಡೆ?" ಎಂದು ಬಾನೆಟ್ಟಿನೊಳಗೆ ತಲೆಯಿಟ್ಟು ಕೂಗುತ್ತಿದ್ದ.

ಕಾರು ಮಾರಿದ್ದು ಆ ಮಾಲೀಕನ ಹೆಂಡತಿ. ಆಕೆ ಚೌಕಾಸಿಗೂ ನಿಲ್ಲದೆ, "ರೆಡಿಯಾದ್ಮೇಲೆ ಒಂದ್ಸಲ ಮನೆ ಹತ್ರ ತಗೊಂಡು ಬಾಪ್ಪ" ಎಂದಿದ್ದರು, ಅಷ್ಟೇ.

ಐದು ತಿಂಗಳ ಮೇಲೆ ಎಂಜಿನ್ ಗುಡುಗಿತು. ಕಾರನ್ನು ಅವರ ಮನೆ ಮುಂದೆ ನಿಲ್ಲಿಸಿ ಕರೆದ.

"ಬನ್ನಿ ಅಮ್ಮ, ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ."

"ನನ್ನ ಜಾಗ ಎಲ್ಲಿಂದ ಬಂತಪ್ಪ? ಕಾರು ತಂದ ದಿನ ಹತ್ತಿ, ಬಾಗಿಲು ಸ್ವಲ್ಪ ಜೋರಾಗಿ ಹಾಕ್ದೆ. ಯಜಮಾನ್ರು ಕೆಳಗಿಳಿ ಅಂದ್ರು. ಆಮೇಲೆ ಹತ್ತಿಸ್ಕೊಳ್ಲೇ ಇಲ್ಲ."

ಗ್ಯಾರೇಜಿನಲ್ಲಿ ಬಾಗಿಲು ಬಡಿದವರಿಗೆಲ್ಲ ಚಳಿ ಬಿಡಿಸುತ್ತಿದ್ದ ಮೆಕ್ಯಾನಿಕ್ ತಾನೇ ಬಾಗಿಲು ತೆಗೆದು ಹಿಡಿದ.

ಆಕೆ ಒಳಗೆ ಕೂತು, ಬೀದಿಗೆ ಬೀದಿಯೇ ತಿರುಗಿ ನೋಡುವಂತೆ ಬಾಗಿಲನ್ನು ಧಡಾರನೆ ಬಡಿದರು. ಸಾಲದೆಂಬಂತೆ ತೆಗೆದು ಮತ್ತೊಮ್ಮೆ ಬಡಿದರು.

"ಮೆಲ್ಲಗೆ!" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನುಂಗಿಕೊಂಡ.

"ಇನ್ನೊಂದ್ಸಲ ಹಾಕಿ ಅಮ್ಮ," ಎಂದ. "ಆ ಮಹಾನುಭಾವರಿಗೆ ಕೇಳಿಸ್ಲಿ."