ಕೈ ಎತ್ತದ ಸಂಜೆ

ಗಾಜಿನಂಗಡಿಯಲ್ಲಿ ಕೈ ಅಂದರೆ ಮೇಸ್ತ್ರಿಯ ಕೈ. ವಜ್ರದ ಮೊನೆಯಿಂದ ಒಂದು ಗೀರು ಎಳೆದು ಹಗುರವಾಗಿ ತಟ್ಟಿದರೆ ಸಾಕು, ಆಳೆತ್ತರದ ಗಾಜು ಚೂರೂ ಮುಕ್ಕಾಗದೆ ಎರಡಾಗುತ್ತಿತ್ತು. ಗಿರಾಕಿಗಳ ಎದುರೇ ಯಜಮಾನ ಬಾಯಿಗೆ ಬಂದಂತೆ ಬೈದರೂ ಆ ಕೈ ನಡುಗಿದ್ದಿಲ್ಲ. ಮನೆಗೆ ಬಂದರೆ ಮಾತ್ರ ಅದಕ್ಕೇನು ದೊಡ್ಡರೋಗ ಬಡಿಯುತ್ತಿತ್ತೋ! ಊಟ ಆರಿದೆ ಎಂದೋ, ಬಾಗಿಲು ತೆಗೆಯುವುದು ತಡವಾಯಿತೆಂದೋ ಹೆಂಡತಿಯ ಕೆನ್ನೆಯ ಮೇಲೆ ಬೀಳುತ್ತಿತ್ತು. ಕಡೆಗೆ ಅವಳು ಎಂಟು ವರ್ಷದ ಮಗಳು ಗುಬ್ಬಿಯನ್ನು ಕರೆದುಕೊಂಡು ಅಕ್ಕನ ಮನೆ ಸೇರಿದಳು. ವಾಪಸು ಬಂದದ್ದು ಒಂದೇ ಮಾತಿನ ಮೇಲೆ.

"ಡಾಕ್ಟರ ಹತ್ರ ಹೋಗ್ಬೇಕು. ಇನ್ನೊಂದು ಸಲ ಕೈ ಎತ್ತಿದ್ರೆ ನಾವಿಬ್ರೂ ಈ ಮನೇಲಿ ಇರಲ್ಲ."

ಹೋದ. ಮಿದುಳಿನೊಳಗೆ ಬಾದಾಮಿ ಗಾತ್ರದ, ಕಾವಲುಗಾರನಂಥ ಭಾಗವೊಂದಿದೆ, ಯೋಚಿಸುವ ಭಾಗ ಎಚ್ಚೆತ್ತುಕೊಳ್ಳುವ ಮೊದಲೇ ಅದು ಬೊಬ್ಬೆ ಹಾಕುತ್ತದೆ, ಎದೆ ಬಡಿದುಕೊಳ್ಳುತ್ತದೆ, ತೋಳಿಗೆ ರಕ್ತ ನುಗ್ಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮೇಸ್ತ್ರಿಗೆ ಖುಷಿಯೋ ಖುಷಿ.

"ಹಾಗಾದ್ರೆ ತಪ್ಪು ನಂದಲ್ಲ, ಬಾದಾಮೀದು!"

"ಯಜಮಾನ್ರು ಬೈದಾಗ ಯಾವತ್ತಾದ್ರೂ ಹೊಡೆದಿದ್ದೀರಾ?" ಎಂದರು ಡಾಕ್ಟರು.

"ಛೆ ಛೆ, ಕೆಲಸ ಹೋಗಲ್ವಾ?"

"ಅಲ್ಲಿಗೆ ಬ್ರೇಕ್ ಇದೆ ಅಂತಾಯ್ತು. ಮನೇಲೂ ಹಾಕಿ."

ಮೇಸ್ತ್ರಿಯ ಮುಖ ಚಿಕ್ಕದಾಯಿತು. ಬ್ರೇಕ್ ಹಾಕುವ ಬಗೆಯನ್ನೂ ಡಾಕ್ಟರು ಕಲಿಸಿದರು: ಕಿವಿ ಬಿಸಿಯಾದ ಕೂಡಲೇ ಜಾಗ ಬಿಟ್ಟು ಏಳುವುದು, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುವುದು, ಬೈಗುಳವನ್ನು ಮನಸ್ಸಿನಲ್ಲೇ ಮೆಲುಕು ಹಾಕದಿರುವುದು. ಮನೆಯಲ್ಲಿ ಅವನದೇ ಒಂದು ಕಟ್ಟಳೆ ಸೇರಿತು. "ನಾನು ಎದ್ದು ಹೋದ್ರೆ ಯಾರೂ ಹಿಂದೆ ಬರ್ಬೇಡಿ, ಕರೀಲೂ ಬೇಡಿ."

ಒಂದು ಸಂಜೆ ಅಂಗಡಿಯ ತುಂಡು ಗಾಜಿನಲ್ಲಿ ಗುಬ್ಬಿಗೆಂದು ಕನ್ನಡಿ ಮಾಡಿ ತಂದ. ಅಂಚನ್ನು ತಾನೇ ಕೂತು ನುಣ್ಣಗೆ ಉಜ್ಜಿದ್ದ. ಗುಬ್ಬಿ ತೆಗೆದುಕೊಂಡಳು, ಕೈ ಜಾರಿತು, ಕನ್ನಡಿ ನೆಲದ ಮೇಲೆ ಚೂರುಚೂರು. ಅವನ ಕಿವಿ ಕಾದವು, ಬೆರಳು ಮುಷ್ಟಿಯಾದವು. ಹಲ್ಲು ಕಚ್ಚಿ ಎದ್ದು ಹೊರಟೇಬಿಟ್ಟ. ಮಹಡಿ ಮೆಟ್ಟಿಲ ಮೇಲೆ ಕೂತು ಉಸಿರು ಎಳೆದ, ಬಿಟ್ಟ. ಎದೆಬಡಿತ ಇಳಿಯುವವರೆಗೂ ಕದಲಲಿಲ್ಲ. ಮುಷ್ಟಿ ತಾನಾಗಿ ಬಿಚ್ಚಿಕೊಂಡಾಗ ಅವನಿಗೆ ಕುಣಿಯುವಂತಾಯಿತು. ಗೆದ್ದೆ ಎಂದುಕೊಂಡು ನಗುತ್ತಲೇ ಒಳಗೆ ಬಂದ.

ಹೆಂಡತಿ ಗುಬ್ಬಿಯ ಅಂಗೈಗೆ ಟವೆಲ್ ಒತ್ತಿ ಹಿಡಿದಿದ್ದಳು. ಟವೆಲ್ ಪೂರ್ತಿ ಕೆಂಪು. ಇಬ್ಬರೂ ಸದ್ದಿಲ್ಲದೆ ಅಳುತ್ತಿದ್ದರು.

"ಇದೇನೇ! ಕರೀಬಾರ್ದಿತ್ತಾ?"

"ಕರೀಬೇಡಿ ಅಂದಿದ್ರಲ್ಲ. ನೀವು ಬರೋದ್ರೊಳಗೆ ಚೂರೆಲ್ಲಾ ಎತ್ತಿಬಿಡೋಣ ಅಂತ ಹೋದ್ಲು."

ಗಾಜಿನ ಗಾಯ ಅವನಿಗೆ ಹೊಸದಲ್ಲ. ಚೂರು ಒಳಗೆ ಉಳಿದಿದೆಯೋ ನೋಡೋಣವೆಂದು ಮೆಲ್ಲಗೆ ಕೈ ಚಾಚಿದ. ಗುಬ್ಬಿ ತಟ್ಟನೆ ಆ ಗಾಯದ ಕೈಯನ್ನೇ ತಲೆಗೆ ಅಡ್ಡ ಹಿಡಿದಳು. ಅವಳ ಕತ್ತಿನ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೇಸ್ತ್ರಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವ ಮುಂಚೆ ನರ್ಸು ಕೇಳಿದಳು, "ಹೇಗಾಯ್ತು ಮರಿ?"

ನಿಜ ಹೇಳಿದ್ದರೆ ಸಾಕಿತ್ತು. ಒಡೆದ ಗಾಜು ಎತ್ತಲು ಹೋದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಗುಬ್ಬಿ ಅಪ್ಪನ ಮುಖ ನೋಡಿದಳು.

"ಅಪ್ಪ ಹೊಡೀಲಿಲ್ಲ. ನಾನೇ ಮೆಟ್ಟಿಲಿಂದ ಬಿದ್ದೆ" ಎಂದು, ಕೇಳಿದವರಿಗೆಲ್ಲ ಅಮ್ಮ ಹೇಳುತ್ತಿದ್ದ ಮಾತನ್ನೇ ಗಿಳಿಪಾಠ ಒಪ್ಪಿಸಿದಳು.

ನರ್ಸು ಅಂಗೈ ನೋಡಿದಳು, ಅವನನ್ನು ನೋಡಿದಳು. "ನೀವು ಸ್ವಲ್ಪ ಹೊರಗಿರಿ" ಎಂದಳು.

ಹೊಲಿಗೆ ಮುಗಿದ ಮೇಲೆ ಹೆಂಡತಿ ಗುಬ್ಬಿಯನ್ನು ಕರೆದುಕೊಂಡು ಹೊರಗೆ ಬಂದಳು. "ಇಲ್ಲಿಂದ್ಲೇ ಅಕ್ಕನ ಮನೆಗೆ ಹೋಗ್ತೀವಿ."

"ನಾನಿವತ್ತು ಕೈ ಎತ್ತಲಿಲ್ಲ ಕಣೇ. ದೇವರಾಣೆ."

"ಎತ್ತಲಿಲ್ಲ. ನಾನು ಒಪ್ತೀನಿ" ಎಂದಳು ಅವಳು. "ಆದ್ರೆ ಅವಳ ಮೈ ಒಪ್ತಿಲ್ಲ ರೀ."

ಅವನು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ. ಗುಬ್ಬಿ ಅಮ್ಮನ ಆ ಮಗ್ಗುಲಿಗೆ ಸರಿದುಕೊಂಡು ದಾಟಿಹೋದಳು.