ದೃಷ್ಟಿ ಬೊಟ್ಟು ಬೇಡದ ಮಗು

ಮಗು ಹುಟ್ಟುವ ಮೊದಲೇ ಅದರ ಬಣ್ಣ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ಅದರ ಅಜ್ಜಿ ಮಂಗಳಮ್ಮ. ಸೊಸೆ ಚೈತ್ರಳಿಗೆ ಐದು ತಿಂಗಳು ತುಂಬುತ್ತಿದ್ದಂತೆ ದಿನಾ ಮಲಗುವ ಮುಂಚೆ ಕೇಸರಿ ಹಾಲು, ಬೆಳಗ್ಗೆ ಬೆಣ್ಣೆ, ಮಧ್ಯಾಹ್ನ ಎಳನೀರು ಶುರುವಾಯಿತು. ಕಾಫಿ ನಿಂತಿತು. ನೇರಳೆಹಣ್ಣು, ಕಪ್ಪು ದ್ರಾಕ್ಷಿ ಹೊಸ್ತಿಲಿನಾಚೆಯೇ ಉಳಿದವು. ತಲೆತಲಾಂತರದಿಂದ ರಾಗಿ ಮುದ್ದೆ ತಿಂದು ಬೆಟ್ಟದಪುರದಲ್ಲಿ ಗಟ್ಟಿಯಾಗಿ ನಿಂತ ಆ ಮನೆತನದಲ್ಲಿ, ಬಸುರಿಯ ತಟ್ಟೆಗೆ ಮಾತ್ರ ಮುದ್ದೆ ನಿಷಿದ್ಧವಾಯಿತು. ಅದರ ಬಣ್ಣ ಸರಿಯಿರಲಿಲ್ಲವಲ್ಲ.

ಚೈತ್ರ ಮದುವೆಗೆ ಮುಂಚೆ ಹುಣಸೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದವಳು. ಕೇಸರಿಯಿಂದ ಬದಲಾಗುವುದು ಹಾಲಿನ ಬಣ್ಣ ಮಾತ್ರ ಎಂದು ಅವಳಿಗೆ ಗೊತ್ತಿತ್ತು. ಆದರೂ ಕುಡಿದಳು. ಅತ್ತೆಯ ಮುಂದೆ ಪಾಠ ಮಾಡುವುದಕ್ಕಿಂತ ಹಾಲು ಕುಡಿಯುವುದು ಸುಲಭ.

ರಾವಂದೂರಿನಿಂದ ಅವಳನ್ನು ತಂದುಕೊಂಡದ್ದೇ ಅವಳ ಬಣ್ಣಕ್ಕಾಗಿ. ಹೆಣ್ಣು ನೋಡಲು ಬಂದ ದಿನ ಮಂಗಳಮ್ಮ ಉಪ್ಪಿಟ್ಟು ಮುಟ್ಟುವ ಮೊದಲೇ, "ವಸಿ ಬೆಳಕಿಗೆ ಬಾರವ್ವ" ಎಂದು ಕಿಟಕಿಯ ಹತ್ತಿರ ಕರೆದು, ಬಳೆ ಸರಿಸಿ, ಮುಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದರು. ಅವರು ಹೋದ ಮೇಲೆ ಹೊಗೆಸೊಪ್ಪು ಬೆಳೆಯುವ ಚೈತ್ರಳ ಅಪ್ಪ, "ಹರಾಜು ಕಟ್ಟೇಲಿ ಎಲೆ ನೋಡೋರೂ ಇಷ್ಟು ನೋಡಕಿಲ್ಲ ಕಣವ್ವ. ಒಳ್ಳೆ ಗ್ರೇಡೇ ಸಿಕ್ತು ಬುಡು" ಎಂದು ನಕ್ಕಿದ್ದರು. ನಗುವಾಗ ಮಗಳ ಮುಖ ನೋಡಿರಲಿಲ್ಲ.

ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೊರಟಿದ್ದ ಕಾರು ನೋವು ಜೋರಾದದ್ದರಿಂದ ದಾರಿಯಲ್ಲಿ ಸಿಕ್ಕ ಆಸ್ಪತ್ರೆಯ ಮುಂದೆ ನಿಂತಿತು. ಹೆಣ್ಣು ಮಗು. ಅಗಲ ಹಣೆ, ಬಿಲ್ಲಿನಂಥ ಹುಬ್ಬು, ಕಿವಿಯ ತುದಿಯಲ್ಲಿ ಒಂದು ಸಣ್ಣ ಮಡಿಕೆ. ಬಣ್ಣ, ಆಗಷ್ಟೇ ಮಳೆ ಬಿದ್ದ ಹೊಲದ್ದು. ಮಂಗಳಮ್ಮ ಬಟ್ಟೆ ಸರಿಸಿ ನೋಡಿದರು. "ಬೆರಳೆಲ್ಲ ಉದ್ದುದ್ದ ಅವೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಉಗುರೂ ಚೆನ್ನಾಗವೆ" ಎಂದರು. ಹೊಗಳಲು ಇನ್ನೇನೂ ಸಿಗದೆ, "ಉಟ್ಟಿದಾಗ ಅಂಗೇ ಇರ್ತವೆ. ಆಮೇಲೆ ತಿಳಿಯಾಯ್ತದೆ" ಎಂದು ತಮಗೆ ತಾವೇ ಹೇಳಿಕೊಂಡರು, ಕೆಸರು ತಂಗಲಿ ಎಂದು ಕೊಡದ ನೀರನ್ನು ಕಾಯುವವರ ಹಾಗೆ.

ಪಕ್ಕದ ಮಂಚದಲ್ಲಿ ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯ ಹುಡುಗಿ ಬೀರಮ್ಮ ಹೆತ್ತು ಮಲಗಿದ್ದಳು. ಅವಳ ಅಜ್ಜಿ ಕೆಂಪಾಜಮ್ಮ ತಮ್ಮ ಕೂಸಿಗೆ ಕಾಡಿಗೆ ಬೊಟ್ಟು ಇಟ್ಟು, ಬೆರಳಿನಲ್ಲಿ ಉಳಿದದ್ದನ್ನು ಯಾರನ್ನೂ ಕೇಳದೆ ಚೈತ್ರಳ ಮಗುವಿನ ಕೆನ್ನೆಗೂ ಒತ್ತಿಬಿಟ್ಟಳು. "ಚೆಂದಾಗದೆ ಕೂಸು. ಕಣ್ಣು ಬಿದ್ದಾತು ತಾಯಿ" ಎಂದಳು.

ಫ್ಲಾಸ್ಕಿನಲ್ಲಿ ಬಿಸಿನೀರು ತಂದ ಮಂಗಳಮ್ಮ ಅದನ್ನು ನೋಡಿ, ಹತ್ತಿ ಅದ್ದಿ ಬೊಟ್ಟನ್ನು ಒರೆಸಿದರು. ಒರೆಸಿ, ಸೊಸೆಗೆ ಸಮಾಧಾನ ಹೇಳುವ ದನಿಯಲ್ಲೇ ಹೇಳಿದರು: "ಇದಕ್ಯಾರವ್ವ ದೃಷ್ಟಿ ಆಕ್ತಾರೆ? ಆ ಭಯ ನಮ್ಗಿಲ್ಲ ಬುಡು."

ಆ ಮಾತು ಚೈತ್ರಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು, ಮೀನು ತಿನ್ನದ ಮನೆಯವಳಾದರೂ.

ದೃಷ್ಟಿಯ ವಿಷಯದಲ್ಲಿ ಆ ಮನೆ ಅಸಡ್ಡೆಯದ್ದಲ್ಲ. ಗಂಡ ರೇಣುಕಾಪ್ರಸಾದನ ಗೊಬ್ಬರದ ಅಂಗಡಿಯ ಮುಂದೆ ಕೋರೆಹಲ್ಲಿನ ಮುಖ ಬರೆದ ಬೂದುಗುಂಬಳ ತೂಗುತ್ತಿತ್ತು. ಟ್ರ್ಯಾಕ್ಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಬೋರ್‌ವೆಲ್ಲಿನ ಮೋಟರಿಗೆ ಕರಿ ದಾರ. ಚೈತ್ರಳ ನಾದಿನಿ ಆಶಾರಾಣಿಯ ಬೆಳ್ಳನೆಯ ಮಕ್ಕಳು ಬಂದಾಗಲಂತೂ ಹಣೆಗೊಂದು, ಕೆನ್ನೆಗೊಂದು, ಅಂಗಾಲಿಗೊಂದು. ಮೋಟರಿಗೂ ಕಣ್ಣು ಬೀಳಬಹುದಾದ ಮನೆಯಲ್ಲಿ ತನ್ನ ಮಗುವಿಗೆ ಮಾತ್ರ ಬೀಳುವುದಿಲ್ಲ.

ಮಗುವಿಗೆ ನೀರು ಹಾಕಿದ ಮೇಲೆ ಮನೆಯ ಹಿರಿಯಳು ಬೊಟ್ಟಿಡುವುದು ಅಲ್ಲಿಯ ಪದ್ಧತಿ. ತವರಿನಲ್ಲಿ ಬಾಣಂತನ ಮುಗಿಸಿ ಬಂದ ಚೈತ್ರ ಒಂದು ದಿನ ಕಾದು, ಎರಡು ದಿನ ಕಾದು, ಕೊನೆಗೆ ತಾನೇ ಇಟ್ಟಳು. ಮಂಗಳಮ್ಮ ಸೆರಗಿನ ತುದಿಯಿಂದ ಅದನ್ನು ಒರೆಸಿ, "ಕರಿ ಮ್ಯಾಲೆ ಕರಿ ಯಾಕವ್ವ? ಇರೋದೂ ಕಾಣಾಕಿಲ್ಲ" ಎಂದರು. ಮಗು ಬೊಚ್ಚು ಬಾಯಿ ತೆರೆದು ಅಜ್ಜಿಯನ್ನು ನೋಡಿ ನಕ್ಕಿತು. ಅತ್ತೆ ತಮ್ಮ ಕೈಯಾರೆ ಒಂದು ಬೊಟ್ಟು ಇಡಬೇಕು, ಈ ಮಗುವಿಗೂ ಕಣ್ಣು ಬೀಳಬಹುದು ಎಂದು ಹೆದರಬೇಕು. ಚೈತ್ರಳಿಗೆ ಬೇಕಾದದ್ದು ಅಷ್ಟೇ. ಬಂಗಾರ ಕೇಳಿದ್ದರೆ ಬೇಗ ಸಿಗುತ್ತಿತ್ತೇನೋ.

ಹಾಗೆ ನೋಡಿದರೆ ಬಣ್ಣದ ಬಗ್ಗೆ ಮಾತಾಡುವ ಅರ್ಹತೆ ಆ ಮನೆಯ ಗೋಡೆಗಳಿಗೆ ಮಾತ್ರ ಇತ್ತು. ಅವಕ್ಕೆ ವರ್ಷಕ್ಕೊಮ್ಮೆ ಸುಣ್ಣ ಬೀಳುತ್ತಿತ್ತು. ಮಂಗಳಮ್ಮ ಬೆಳಗ್ಗೆ ಸ್ನಾನ ಮಾಡಿ ಕೋಣೆಯ ಬಾಗಿಲು ಹಾಕಿಕೊಂಡರೆ ಪೌಡರ್ ಬಳಿದುಕೊಂಡ ಮೇಲೆಯೇ ಹೊರಗೆ ಬರುವುದು. ಮುಖ ಒಂದು ಊರು, ಕುತ್ತಿಗೆ ಇನ್ನೊಂದು ಊರು, ನಡುವೆ ಸರಹದ್ದು. ಬೆಟ್ಟದಪುರಕ್ಕೆಲ್ಲ ಗೊತ್ತಿದ್ದ ಈ ಸಂಗತಿ ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದವರು ಅವರೊಬ್ಬರೇ. ತೀರಿಹೋದ ಮಾವ ವೀರಭದ್ರಸ್ವಾಮಿಯವರ ಫೋಟೋವನ್ನು ದೊಡ್ಡದು ಮಾಡಿಸುವಾಗ ಸ್ಟುಡಿಯೋದ ಸಿದ್ದರಾಜು ಅವರನ್ನು ಎಷ್ಟು ಬೆಳ್ಳಗೆ ಮಾಡಿದ್ದನೆಂದರೆ, ಹಣೆಯ ವಿಭೂತಿ ಮುಖದೊಳಗೆ ಕರಗಿ ಕಾಣೆಯಾಗಿತ್ತು. ಅಂದಿನಿಂದ ಪೂಜೆಯ ಹೊತ್ತಿಗೆ ಗಾಜಿನ ಮೇಲೆಯೇ ವಿಭೂತಿ ಹಚ್ಚುತ್ತಿದ್ದರು.

ತೊಟ್ಟಿಲ ಶಾಸ್ತ್ರಕ್ಕೆ ದಿನ ಗೊತ್ತಾಯಿತು. ಕೆ.ಆರ್. ನಗರದಿಂದ ಮಾವನ ಅಕ್ಕ ಪುಟ್ಟತಾಯಮ್ಮ ಬರುತ್ತಾರೆಂದು ಕೇಳಿದ ಕ್ಷಣದಿಂದ ಮಂಗಳಮ್ಮನ ನಿದ್ದೆ ಹೋಯಿತು. ಪುಟ್ಟತಾಯಮ್ಮ ಹಾಲಿನ ಬಣ್ಣದವರು. ಆಯಸ್ಸಿನಲ್ಲಿ ಬೇರೆ ಏನೂ ಮಾಡುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ.

ಗೇಟಿಗೆ ಕಟ್ಟಲು ಫ್ಲೆಕ್ಸ್ ಬೇಕಾಯಿತು. ಸಿದ್ದರಾಜು ಮಗುವಿನ ಫೋಟೋ ತೆಗೆದು, ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೇ ಬಂದ.

"ವಸಿ ಬೆಳಕು ಮಾಡು ಕಣ್ಲಾ" ಎಂದರು ಮಂಗಳಮ್ಮ.

ಮಾಡಿದ.

"ಇನ್ನೂ ವಸಿ."

"ಅಮ್ಮಾರೇ, ಇನ್ನೂ ಮಾಡುದ್ರೆ ಮೂಗು ಒಂಟೋಯ್ತದೆ."

"ಮೂಗು ಓದ್ರೆ ಓಗ್ಲಿ. ಬಣ್ಣ ಬರ್ಲಿ."

ಮೂಗು ಹೋಯಿತು. ಹುಬ್ಬೂ ಹೋಯಿತು. ಕೊನೆಗೆ ಪರದೆಯ ಮೇಲೆ ಎರಡು ಕಣ್ಣು, ಒಂದು ಟೋಪಿ ಮಾತ್ರ ಉಳಿದವು. ಸಿದ್ದರಾಜು ತಲೆ ಕೆರೆದುಕೊಂಡು, "ನಂಗೆ ಬುಟ್‌ಬುಡಿ ಅಮ್ಮಾರೇ, ನಾನು ನೋಡ್ಕತೀನಿ" ಎಂದು ಹೋದ.

ಶಾಸ್ತ್ರದ ದಿನ ಬೆಳಗ್ಗೆ ಗೇಟಿನ ಮೇಲೆ ಎಂಟಡಿ ಉದ್ದದ ಫ್ಲೆಕ್ಸ್ ಏರಿತ್ತು. 'ನಮ್ಮ ಮನೆಯ ಪುಟ್ಟ ಲಕ್ಷ್ಮಿಗೆ ತೊಟ್ಟಿಲ ಸಂಭ್ರಮ' ಎಂಬ ಅಕ್ಷರಗಳ ಕೆಳಗೆ ಹೊಂಗೂದಲು, ನೀಲಿ ಕಣ್ಣು, ಗುಲಾಬಿ ಕೆನ್ನೆಯ ಯಾವುದೋ ಫಾರಿನ್ ಮಗು ಕಾಲು ಮೇಲೆತ್ತಿ ನಗುತ್ತಿತ್ತು. ಮೂಲೆಯಲ್ಲಿ ವೀರಭದ್ರಸ್ವಾಮಿಯವರು ವಿಭೂತಿಯಿಲ್ಲದೆ ಆಶೀರ್ವಾದ ಮಾಡುತ್ತಿದ್ದರು.

"ಇದ್ಯಾರ ಮಗು ರೀ?" ಎಂದು ಚೈತ್ರ ಗಂಡನನ್ನು ಕೇಳಿದಳು.

"ಸಿಂಬಾಲಿಕ್ ಕಣೇ" ಎಂದ ರೇಣುಕಾಪ್ರಸಾದ. "ಮಗು ಅಂದ್ರೆ ಮಗು. ಅದರಲ್ಲಿ ನಮ್ದು ಅವರ್ದು ಅಂತ ಯಾಕೆ ಭೇದ ಮಾಡ್ತೀಯ?"

ಭೇದ ಮಾಡದ ಆ ಮಹಾನುಭಾವನನ್ನು ಗೇಟಿನಲ್ಲೇ ಬಿಟ್ಟು ಚೈತ್ರ ಮಗುವನ್ನು ಸಿಂಗರಿಸಲು ಒಳಗೆ ಹೋದಳು.

ಹನ್ನೊಂದರ ಬಿಸಿಲಿಗೆ ಪುಟ್ಟತಾಯಮ್ಮನ ಕಾರು ಬಂತು. ಅವರು ಇಳಿದವರೇ ಫ್ಲೆಕ್ಸಿನ ಮುಂದೆ ನಿಂತು ನೆಟಿಗೆ ಮುರಿದರು. "ಅಯ್ಯೋ ನನ್ ಬಂಗಾರ! ಥೇಟು ನಮ್ ತವರಿನ ಬಣ್ಣ ಕಣ್ರೀ!"

"ಕಣ್ಣು ನೀಲಿ ಐತಲ್ಲಾ ಅಜ್ಜಿ" ಎಂದಳು ಜೊತೆಯಲ್ಲಿ ಬಂದವಳೊಬ್ಬಳು.

"ನಮ್ ಮುತ್ತಾತಂಗೆ ಬೆಕ್ಕಿನ ಕಣ್ಣಿತ್ತಂತೆ. ರಕ್ತ ಎಲ್ಲಿಗೋದಾತು?"

ಹಾಗೆ ತಮ್ಮ ರಕ್ತವನ್ನು ಗುರುತು ಹಿಡಿದು ಒಳಗೆ ಬಂದ ಪುಟ್ಟತಾಯಮ್ಮ ನಡುಮನೆಯಲ್ಲಿ ಹೂವು ಸುತ್ತಿದ ತೊಟ್ಟಿಲಿಗೆ ಬಗ್ಗಿದರು. ಬಗ್ಗಿದವರು ಹಾಗೆಯೇ ನೆಟ್ಟಗಾದರು.

"ಇದ್ಯಾರ ಕೂಸು? ಕೆಲಸದೋರ್ದಾ? ಆ ಕಡೆ ಮಲಗುಸ್ರೀ. ನಮ್ ಕೂಸ್ನ ತಕಂಬನ್ನಿ."

ಚೈತ್ರ ತೊಟ್ಟಿಲ ಹಗ್ಗ ಹಿಡಿದು, "ಇದೇ ನಮ್ಮ ಮಗು, ಅಜ್ಜಿ" ಎಂದಳು.

ಪುಟ್ಟತಾಯಮ್ಮ ತೊಟ್ಟಿಲು ನೋಡಿದರು, ಚೈತ್ರಳನ್ನು ನೋಡಿದರು, ಗೋಡೆಯ ಮೇಲಿನ ತಮ್ಮನ ಗುಲಾಬಿ ಫೋಟೋ ನೋಡಿದರು. ಲೆಕ್ಕ ತಾಳೆಯಾಗಲಿಲ್ಲ. "ತಾಯಿ ಇಷ್ಟು ಬೆಳ್ಳಗವ್ಳೆ. ನನ್ ತಮ್ಮ ಚಿನ್ನದಂಗಿದ್ದ. ಇದೆಲ್ಲಿಂದ ಬಂತು ಮಂಗಳಾ?" ಎಂದವರು, ದನಿ ತಗ್ಗಿಸಿದಂತೆ ಮಾಡಿ ಎಲ್ಲರಿಗೂ ಕೇಳಿಸುವಂತೆ ಮುಂದುವರಿಸಿದರು. "ಆಸ್ಪತ್ರೇಲಿ ಪಕ್ಕದ ಮಂಚದಲ್ಲಿ ಕೋಟೆ ಕಡೆ ಹಾಡಿಯೋಳು ಹೆತ್ತಿದ್ಲಂತೆ? ಅಲ್ಲೇ ಅದ್ಲು ಬದ್ಲಾಗದೆ ಕಣ್ರವ್ವ! ನಮ್ ಕೂಸು ಈಗ ಅಲ್ಲೆಲ್ಲೋ ಕಾಡ್ನಾಗೆ ಬೆಳೀತಾ ಅದೆ."

ನಡುಮನೆಯಲ್ಲಿ ತಂಪು ಗಾಳಿ ಬೀಸಿದಂತಾಯಿತು. ಎಷ್ಟು ಅನುಕೂಲದ ಮಾತು! ಯಾರ ವಂಶಕ್ಕೂ ಕಳಂಕವಿಲ್ಲ, ಕೇಸರಿ ಹಾಲೂ ವ್ಯರ್ಥವಾಗಿಲ್ಲ, ತಪ್ಪೆಲ್ಲ ಇಲ್ಲಿಲ್ಲದವರದ್ದು. "ಇರಬಹುದು, ಇರಬಹುದು" ಎಂದು ಹೆಂಗಸರು ತಲೆಯಾಡಿಸಿದರು. ರೇಣುಕಾಪ್ರಸಾದ ಮುಂದೆ ಬಂದು, "ಈಗ ಅದಕ್ಕೆಲ್ಲ ಟೆಸ್ಟ್ ಇದೆ ಅತ್ತೆ" ಎಂದು ತನ್ನ ಜ್ಞಾನವನ್ನೂ ಸೇರಿಸಿದ.

ಚೈತ್ರ ನೋಡಿದ್ದು ಅತ್ತೆಯ ಮುಖವನ್ನು. ಒಂದೇ ಗಳಿಗೆ, ಆ ಪೌಡರಿನ ಹಿಂದೆ ದೀಪ ಹತ್ತಿದಂತಾಯಿತು. ಮಂಗಳಮ್ಮನಿಗೂ ಆ ಮಾತು ರುಚಿಸಿತ್ತು. ಹೌದೆಂದರೆ ಸಾಕು, ಅಕ್ಕಪಕ್ಕದ ಊರಿಗೆಲ್ಲ ಮುಖ ತೋರಿಸಬಹುದು.

ಚೈತ್ರ ಮಗುವನ್ನು ಎತ್ತಿಕೊಂಡು ಅತ್ತೆಯ ಎದುರು ನಿಂತಳು. "ಅತ್ತೆ, ಟೆಸ್ಟೆಲ್ಲ ಬೇಡ. ನೀವು ನೋಡಿ ಹೇಳಿ. ನಿಮ್ಮದಲ್ಲ ಅಂದ್ರೆ ನಾನು ಇವಳನ್ನ ಕರಕೊಂಡು ಈಗಲೇ ರಾವಂದೂರಿನ ಬಸ್ಸು ಹತ್ತುತೀನಿ. ಮತ್ತೆ ಬರೋದಿಲ್ಲ."

ಮಂಗಳಮ್ಮ ನೋಡಿದರು. ಅಗಲ ಹಣೆ. ಬಿಲ್ಲಿನ ಹುಬ್ಬು. ಕಿವಿ ತುದಿಯ ಮಡಿಕೆ. ಅವರ ಕೈ ತಾನಾಗಿ ತಮ್ಮ ಕಿವಿಗೆ ಹೋಯಿತು. ಬಿಸಿಲಿಗೆ, ಜನದ ಸೆಕೆಗೆ ಪೌಡರ್ ಬೆವರಿನಲ್ಲಿ ಗೆರೆಗೆರೆಯಾಗಿ ಇಳಿಯುತ್ತಿತ್ತು.

"ಕಾಡ್ನಿಂದ ಬಂದ ಕೂಸು ಎತ್ಕಬ್ಯಾಡ ಮಂಗಳಾ" ಎಂದರು ಪುಟ್ಟತಾಯಮ್ಮ. "ನನ್ ಮಾತು ಕೇಳು. ನಿನ್ ಮದ್ವೆ ದಿನಾನೂ ಅಂದಿದ್ನಲ್ಲ, ಮುಸುಕಿನ ಜ್ವಾಳ ಸುಟ್ಟಂಗಿದ್ದಿ, ವಸಿ ಪೌಡರ್ ಬಳ್ಕೋ ಅಂತ. ನನ್ ಮಾತು ಕೇಳಿದ್ಕೆ ಇವತ್ತು ಎಂಗಿದ್ದೀಯ ನೋಡು!"

ಹೊಗಳುತ್ತಿದ್ದೇನೆಂದೇ ಅವರು ನಂಬಿದ್ದರು.

ಮಂಗಳಮ್ಮ ಕಾಲು ತೊಳೆಯಲು ಇಟ್ಟಿದ್ದ ತಾಮ್ರದ ಚೊಂಬಿಗೆ ಕೈ ಹಾಕಿದರು. ಎರಡು ಬೊಗಸೆ ನೀರನ್ನು ಎಲ್ಲರೆದುರಿಗೇ ಮುಖಕ್ಕೆ ಎರಚಿಕೊಂಡು, ರೇಷ್ಮೆ ಸೀರೆಯ ಸೆರಗಿನಿಂದಲೇ ತಿಕ್ಕಿ ಒರೆಸಿದರು. ಸರಹದ್ದು ಅಳಿಸಿತು. ಮುಖ, ಕುತ್ತಿಗೆ ಒಂದೇ ಊರಾದವು.

"ನೋಡ್ಕಳಿ ಅತ್ತಿಗೆ" ಎಂದರು. "ಈ ಹಣೆ ನೋಡಿ. ಈ ಕಿವಿ ನೋಡಿ. ನಾನೂ ಅದ್ಲು ಬದ್ಲಾದೋಳೇನಾ? ನನ್ನ ಯಾವ ಕಾಡ್ನಿಂದ ತಂದಿದ್ರಿ ನೀವು? ನಿಮ್ ತಮ್ಮನೂ ನನ್ನಂಗೇ ಇದ್ರು, ಈ ಫೋಟೋ ಸಿದ್ದರಾಜು ಮಾಡಿದ್ದು. ಈ ಕೂಸು ನಂದೇ. ಕೊಡಿಲ್ಲಿ ಚೈತ್ರ."

ಕಿತ್ತುಕೊಂಡರು ಎನ್ನುವಂತೆ ಮಗುವನ್ನು ತೆಗೆದುಕೊಂಡು ದೇವರ ಗೂಡಿನ ಪಕ್ಕದ ಕಾಡಿಗೆ ಡಬ್ಬಿಗೆ ಬೆರಳು ಅದ್ದಿದರು. ಕೆನ್ನೆಗೆ ಒತ್ತಿದರು, ಸರಿಯಾಗಿ ಕಾಣಲಿಲ್ಲ. ಇನ್ನೂ ದಪ್ಪಗೆ ಒತ್ತಿದರು. ಹಣೆಗೊಂದು, ಅಂಗಾಲಿಗೊಂದು. "ಎಂತೆಂಥ ಕಣ್ಣೋ" ಎಂದು ಪುಟ್ಟತಾಯಮ್ಮನನ್ನೇ ನೋಡುತ್ತ ಗೊಣಗಿದರು. "ಊರ್ ಕಣ್ಣಿಗಿಂತ ನೆಂಟರ ಕಣ್ಣು ಕೆಟ್ಟದ್ದು."

ಪುಟ್ಟತಾಯಮ್ಮ ಈ ಮನೆಯಲ್ಲಿ ಒಂದು ತೊಟ್ಟು ನೀರೂ ಮುಟ್ಟುವುದಿಲ್ಲ ಎಂದು ಘೋಷಿಸಿದರು. ಆಮೇಲೆ ಹೋಳಿಗೆ ತಿಂದರು, ತುಪ್ಪ ಹಾಕಿಸಿಕೊಂಡು. ಮಾತು ಕೊಟ್ಟಿದ್ದು ನೀರಿಗೆ ಮಾತ್ರ ತಾನೇ.

ಮಂಗಳಮ್ಮ ಅಂದಿನಿಂದ ಬದಲಾಗಿಬಿಟ್ಟರು ಎಂದುಕೊಳ್ಳುವವರು ಮಂಗಳಮ್ಮನನ್ನು ಅರಿಯದವರು. ಮಾರನೆಯ ಬೆಳಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಎಂದಿನಂತೆ ಪೌಡರ್ ಬಳಿದುಕೊಂಡೇ ಹೊರಗೆ ಬಂದರು. ಕೈಯಲ್ಲಿ ಪೌಡರಿನ ಡಬ್ಬಿಯೂ ಬ್ರಷ್ಷೂ ಇದ್ದವು. ನೀರು ಹಾಕಿಸಿಕೊಂಡು ಹೊದಿಕೆಯಲ್ಲಿ ಮಲಗಿದ್ದ ಮೊಮ್ಮಗಳ ಮುಖದ ಹತ್ತಿರ ಬ್ರಷ್ಷು ಹೋಯಿತು. ಬ್ರಷ್ಷು ಅಲ್ಲಿಯೇ ಸ್ವಲ್ಪ ಹೊತ್ತು ನಿಂತು, ಹಿಂದಕ್ಕೆ ಬಂತು.

"ಕಾಡಿಗೆ ಡಬ್ಬಿ ಎಲ್ಲಿಟ್ಟೆ ಚೈತ್ರ? ಒಂದ್ ವಸ್ತು ಇಟ್ಟ ಕಡೆ ಇರಾಕಿಲ್ಲ ಈ ಮನೇಲಿ."

ಫ್ಲೆಕ್ಸನ್ನು ಬಿಸಾಡಲು ಯಾರಿಗೂ ಮನಸ್ಸಾಗಲಿಲ್ಲ, ಗಟ್ಟಿ ಮಾಲು. ಹಿತ್ತಿಲ ಸೌದೆ ರಾಶಿಗೆ ಹೊದಿಸಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಆ ಫಾರಿನ್ ಮಗುವಿನ ಗುಲಾಬಿ ಕೆನ್ನೆ ಹಸಿರುಗಟ್ಟಿ, ಹೊಂಗೂದಲು ಉದುರಿ, ನೀಲಿ ಕಣ್ಣೊಂದು ಮಾಸಿಹೋಗಿತ್ತು. ಸೌದೆ ತರಲು ಹೋದಾಗಲೆಲ್ಲ ಚೈತ್ರಳಿಗೆ ಅಯ್ಯೋ ಎನಿಸುತ್ತಿತ್ತು. ಪಾಪ, ಅದಕ್ಕೆ ಯಾರೂ ಬೊಟ್ಟು ಇಟ್ಟಿರಲಿಲ್ಲ.