ಎರಡನೆಯ ಸಲ ಕೇಳುವ ಹೆಂಗಸು

ನಾನು ಅಫ್ಘಾನಿಸ್ತಾನ ಬಿಟ್ಟು ಸ್ವೀಡನ್ನಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಅದರಲ್ಲಿ ಹನ್ನೆರಡು ವರ್ಷದಿಂದ ದುಭಾಷಿಯಾಗಿದ್ದೇನೆ. ಕಸುಬಿನ ನೇಮ ಸರಳ: ಅವರು ಹೇಳಿದ್ದನ್ನು ಹೇಳು, ಏನನ್ನೂ ಸೇರಿಸಬೇಡ, ಏನನ್ನೂ ಬಿಡಬೇಡ. ಮಾತು ಬೆಳ್ಳಿ, ಮೌನ ಬಂಗಾರ ಅಂದವನು ಖಂಡಿತ ದುಭಾಷಿಯಾಗಿರಲಿಲ್ಲ. ನಮಗೆ ಎರಡೂ ಬೇರೆಯವರ ಸೊತ್ತು.

ಖೈರ್ ಮೊಹಮ್ಮದ್ ಹೆರಾತಿನಲ್ಲಿ ಇಪ್ಪತ್ತೆರಡು ವರ್ಷ ತಂದೂರಿನ ಮುಂದೆ ಕೂತು ನಾನ್ ಸುಟ್ಟವನು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇರಾನಿನ ಮಶ್‌ಹದ್‌ನಲ್ಲಿ ಕಾಯುತ್ತಿದ್ದರು. ಕಾಯಂ ಕೆಲಸದ ಕಾಗದ ಕೈಯಲ್ಲಿಲ್ಲದೆ ಅವರನ್ನು ಕರೆಸಿಕೊಳ್ಳುವ ಅರ್ಜಿ ನಡೆಯುವುದಿಲ್ಲ. ದೊಡ್ಡವಳು ನಾಜನೀನ್‌ಗೆ ಸೆಪ್ಟೆಂಬರಿಗೆ ಹದಿನೆಂಟು ತುಂಬುತ್ತಿತ್ತು. ತುಂಬಿದರೆ ಕಾನೂನಿನ ಕಣ್ಣಿಗೆ ಅವಳು ಮಗಳಲ್ಲ, ಬೇರೆ ಯಾರೋ ಹೆಂಗಸು.

ನಾನು ಅವನನ್ನು ಮೊದಲು ನೋಡಿದ್ದು ಫೆಬ್ರವರಿಯಲ್ಲಿ, ಪುರಸಭೆಯ ತರಬೇತಿ ಕೇಂದ್ರದ ಬಾಗಿಲಲ್ಲಿ.

"ಮೊದಲು ನೀವು, ಹಮ್‌ಶೀರಾ," ಅಂದ. ನಮ್ಮ ಕಡೆ ಅಕ್ಕತಂಗಿಯರನ್ನು ಹಾಗೆ ಕರೆಯುತ್ತೇವೆ.

"ಛೆ ಛೆ, ನೀವು ಹೊಸಬರು. ನೀವು ಹೋಗಿ."

"ನಿಮಗಿಂತ ಮುಂದೆ ನಾನು ಕಾಲಿಟ್ರೆ ನಮ್ಮವ್ವ ಗೋರಿಯಿಂದೆದ್ದು ಬಂದು ಬಾರಿಸ್ತಾಳೆ!"

"ಬಾರಿಸಲಿ ಬಿಡಿ, ಹಂಗಾದ್ರೂ ಊರಿನವರೊಬ್ಬರ ಮುಖ ನೋಡ್ದಂಗಾಗುತ್ತೆ."

ತರಬೇತುದಾರ ಯೋಆಕಿಮ್ ಒಳಗಿನಿಂದ ಕೂಗಿಕೊಂಡ. "ಯಾರಾದ್ರೂ ಒಬ್ರು ಒಳಗೆ ಬನ್ರಪ್ಪಾ, ಬಿಸಿ ಎಲ್ಲಾ ಬೀದಿಗೆ ಹೋಗ್ತಿದೆ!"

ಕೇಂದ್ರದಲ್ಲಿ ಆ ವರ್ಷ ವರ್ಚುವಲ್ ರಿಯಾಲಿಟಿಯ ಕನ್ನಡಕ ಬಂದಿತ್ತು. ತಲೆಗೆ ಕಟ್ಟಿಕೊಂಡರೆ ಸ್ವೀಡನ್ನೇ ಕಣ್ಣೆದುರು: ಬಸ್ಸು, ಅಂಗಡಿ, ವೈದ್ಯರ ಕೋಣೆ. ಕೊನೆಯ ಪಾಠ ಕೆಲಸದ ಸಂದರ್ಶನ. ಮೇಜಿನಾಚೆ ಕಾರಿನ್ ಎಂಬ ಹೆಂಗಸು ಕೂತಿರುತ್ತಾಳೆ. ಯಾರೋ ಕಂಪ್ಯೂಟರಿನಲ್ಲಿ ಬರೆದ ಹೆಂಗಸು. ಯಾವ ಭಾಷೆ ಬೇಕೋ ಆ ಭಾಷೆಯಲ್ಲಿ ಮಾತಾಡುತ್ತಾಳೆ.

"ಇದೇನು, ಕುದುರೆಗೆ ಕಟ್ಟೋ ಕಣ್ಣುಪಟ್ಟಿ!" ಅಂದುಕೊಂಡೇ ಖೈರ್ ಮೊಹಮ್ಮದ್ ಅದನ್ನು ತೊಟ್ಟ. ಅವನಿಗೆ ಕಾಣುತ್ತಿದ್ದುದು ಪಕ್ಕದ ಪರದೆಯ ಮೇಲೆ ನಮಗೂ ಕಾಣುತ್ತಿತ್ತು.

ಕಾರಿನ್ ಕಾಫಿ ಬೇಕಾ ಅಂದಳು. ಇವನು ಬೇಡ ಅಂದ. ಅವಳು ನಕ್ಕು ಮತ್ತೆ ಕೇಳಿದಳು. ಮತ್ತೆ ಬೇಡ ಅಂದ. ಮೂರನೆಯ ಸಲ, ಸರಿ ಒಂಚೂರು ಅಂದ. ನಮ್ಮ ಕಡೆ ಎರಡು ಸಲ ಬೇಡ ಅಂದು ಆಮೇಲೆ ಒಪ್ಪುವುದೇ ಮರ್ಯಾದೆ. ಕೆಲಸ ಕೊಡುತ್ತೇನೆ ಅಂದಾಗಲೂ ಅದೇ ಆಟ. ಕನ್ನಡಕ ಕಳಚಿದಾಗ ಅವನ ಮುಖ ಅರಳಿತ್ತು.

"ಹಮ್‌ಶೀರಾ, ಇವಳು ನಮ್ಮವಳೇ! ಒಂದೇ ಸಲಕ್ಕೆ ಬಿಡೋಳಲ್ಲ. ಈ ಜನ ಐಸ್‌ಗಡ್ಡೆ ಅಂತಿದ್ರಲ್ಲ, ಎಲ್ಲಾ ಸುಳ್ಳು!"

ನಾನೂ ನಕ್ಕೆ. ಕಾರಿನ್‌ಗೆ ಮರ್ಯಾದೆಯೂ ಗೊತ್ತಿಲ್ಲ, ಗಿರ್ಯಾದೆಯೂ ಗೊತ್ತಿಲ್ಲ. ತಪ್ಪು ಉತ್ತರ ಬಂದರೆ ಜನ ಎದೆಗುಂದಬಾರದೆಂದು, ಸರಿ ಉತ್ತರ ಬರುವ ತನಕ ಅದೇ ಪ್ರಶ್ನೆ ಕೇಳುವಂತೆ ಅವಳನ್ನು ಮಾಡಿಟ್ಟಿದ್ದರು. ಯೋಆಕಿಮ್‌ಗೆ ಇವನ 'ಬೇಡ' ಬರೀ ತಡವರಿಕೆಯಾಗಿ ಕಂಡಿತು. ಎರಡೂ ಕಡೆಯದು ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೇ ತಿಂಗಳಲ್ಲಿ ನಿಜವಾದ ಸಂದರ್ಶನ ಬಂತು, ಊರಿನ ದೊಡ್ಡ ಬೇಕರಿಯಲ್ಲಿ. ಯಜಮಾನಿ ಗುನಿಲ್ಲಾ ಮೊದಲು ಅವನ ಕೈಗೆ ಹಿಟ್ಟು ಕೊಟ್ಟಳು. ಅವನು ನಾದಿ ಬೇಯಿಸಿದ ರೊಟ್ಟಿಯನ್ನು ಮುರಿದಳು, ಮೂಸಿದಳು, ನಿಂತಲ್ಲೇ ಅರ್ಧ ತಿಂದು ಮುಗಿಸಿದಳು. ಆಮೇಲೆ ಕೋಣೆಗೆ ಕರೆದು ಕೂರಿಸಿದಳು.

"ಕೆಲಸ ನಿಮ್ಮದೇ. ಸೋಮವಾರದಿಂದ ಬರ್ತೀರಾ?"

ಖೈರ್ ಮೊಹಮ್ಮದ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. "ಅಯ್ಯೋ, ನಾನ್ಯಾವ ಲೆಕ್ಕ ತಾಯಿ? ನನಗಿಂತ ಯೋಗ್ಯರು ಹೊರಗೆ ಕೂತಿದಾರೆ. ನನಗೆ ಬೇಡ, ಅವರಿಗೇ ಕೊಡಿ."

ಹೇಳಿದ್ದನ್ನು ಹೇಳಿದೆ. ಸೇರಿಸಲಿಲ್ಲ, ಬಿಡಲಿಲ್ಲ.

ಗುನಿಲ್ಲಾಳ ಹುಬ್ಬು ಮೇಲೇರಿತು. ಅವಳ ಪೆನ್ನು ಕಾಗದದ ಮೇಲೆ ಮೂರು ನಾಲ್ಕು ಸೆಕೆಂಡು ನಿಂತಿತ್ತು. ಅಷ್ಟರಲ್ಲಿ ನಾನು ಬಾಯಿ ಬಿಡಬಹುದಿತ್ತು.

"ಹೌದಾ," ಅಂದಳು. "ಬೇಜಾರಾಯ್ತು. ಆದ್ರೆ ನೇರವಾಗಿ ಹೇಳಿದ್ರಲ್ಲ, ಅದು ಒಳ್ಳೇದು." ಎದ್ದು ಕೈ ಕುಲುಕಿದಳು. ಇಲ್ಲಿ ಬೇಡ ಅಂದವರನ್ನು ಮತ್ತೆ ಕೇಳುವುದು ಒತ್ತಾಯ. ಅವಳು ಅವನಿಗೆ ಮರ್ಯಾದೆಯನ್ನೇ ಕೊಟ್ಟಳು.

ಹೊರಗೆ ಬೆಂಚಿನಲ್ಲಿ ಅವನು ನೆಮ್ಮದಿಯಾಗಿ ಕೂತ. ಹಿಟ್ಟಿನ ಪರೀಕ್ಷೆ ಆಗಲೇ ಮುಗಿಸಿದ್ದ ಮುಂದಿನವನು ಒಳಗೆ ಹೋದ.

"ಮತ್ತೆ ಯಾವಾಗ ಕರೀತಾರೆ, ಹಮ್‌ಶೀರಾ?"

"ಕರೆಯೋದಿಲ್ಲ. ಇಲ್ಲಿ ಒಂದೇ ಸಲ ಕೇಳ್ತಾರೆ."

"ಕಾರಿನ್ ಕೇಳ್ತಿದ್ಳಲ್ಲಾ?"

"ಅದು ಯಂತ್ರ ಕಣಣ್ಣ."

ಅವನು ತನ್ನ ಅಂಗೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಹಿಟ್ಟು ಇನ್ನೂ ಹಾಗೇ ಇತ್ತು. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಷ್ಟರಲ್ಲಿ ಬಾಗಿಲು ತೆರೆದು ಮುಂದಿನವನು ಫೋನಿನಲ್ಲಿ ಕೂಗುತ್ತ ಬಂದ, ಕೆಲಸ ಸಿಕ್ಕಿತು, ಸಿಕ್ಕಿತು ಎಂದು. ಅವನೊಬ್ಬ ಸೊಮಾಲಿ, ಇವನ ಭಾಷಾ ತರಗತಿಯವನೇ. ಖೈರ್ ಮೊಹಮ್ಮದ್ ಎದ್ದು ಅವನನ್ನು ತಬ್ಬಿಕೊಂಡ.

"ಈಗಲೂ ಒಳಗೆ ಹೋಗಿ ಹೇಳ್ತೀನಿ," ಅಂದೆ. "ನೇಮ ಹಾಳಾಗಿ ಹೋಗಲಿ."

"ಬೇಡ."

"ಹೇಳ್ತೀನಿ, ಬಿಡಿ."

"ಬೇಡ ಹಮ್‌ಶೀರಾ. ಇನ್ನೊಬ್ಬನ ತಟ್ಟೆಗೆ ಬಿದ್ದ ರೊಟ್ಟಿಗೆ ಕೈ ಹಾಕೋನಲ್ಲ ನಾನು." ಆ ಬೇಡ ನಿಜವಾದ ಬೇಡ. ನನಗೆ ಆ ವ್ಯತ್ಯಾಸವೂ ಗೊತ್ತು.

ಯೋಆಕಿಮ್‌ಗೆ ಆಮೇಲೆ ಎಲ್ಲವನ್ನೂ ಹೇಳಿದೆ. ಬಹಳ ಉಪಯೋಗದ ಮಾಹಿತಿ ಅಂದು ಬರೆದುಕೊಂಡ. ಈಗ ಕಾರಿನ್ ಒಂದೇ ಸಲ ಕೇಳುತ್ತಾಳೆ. ಸೆಪ್ಟೆಂಬರ್ ಬಂತು, ಹೋಯಿತು. ಖೈರ್ ಮೊಹಮ್ಮದ್‌ಗೆ ಕೆಲಸ ಸಿಕ್ಕಿದ್ದು ಡಿಸೆಂಬರಿನಲ್ಲಿ. ನಾಜನೀನ್ ಮಶ್‌ಹದ್‌ನಲ್ಲೇ ಉಳಿದಳು.

ಆ ದಿನ ಬೇಕರಿಯಿಂದ ಹೊರಡುವಾಗ ಅವನು ಬೀದಿಬಾಗಿಲನ್ನು ತೆರೆದು ಹಿಡಿದ.

"ಮೊದಲು ನೀವು, ಹಮ್‌ಶೀರಾ."

ನಾನು ಇಲ್ಲಿಯವರ ಹಾಗೆ ಥ್ಯಾಂಕ್ಸ್ ಅಂದು ಹೊರಗೆ ನಡೆದುಬಿಟ್ಟೆ. ನಾಲ್ಕು ಹೆಜ್ಜೆ ಹೋದ ಮೇಲೆ ತಿರುಗಿ ನೋಡಿದೆ. ಅವನು ಇನ್ನೂ ಬಾಗಿಲು ಹಿಡಿದುಕೊಂಡೇ ನಿಂತಿದ್ದ.